ಫೈಲಿಗೆ ಬರೆಯುವ ಪಾಠ – ಅಳಿಸಿಹೋದ 19 ದಿನದ ಮಳೆ



ಈ ಸಂಚಿಕೆಯಲ್ಲಿ ಈ ಜಾಗದಲ್ಲಿ ಒಂದು ಸ್ತಂಭ ನಕ್ಷೆ ಇರಬೇಕಾಗಿತ್ತು. ಜೂನ್ ತಿಂಗಳಲ್ಲಿ ನಮ್ಮೂರಿಗೆ ದಿನಾ ಎಷ್ಟು ಮಳೆ ಬಂತು, ಒಟ್ಟು ಎಷ್ಟಾಯಿತು ಎಂದು ಬಣ್ಣದ ಪೆನ್ಸಿಲಿನಲ್ಲಿ ಬರೆದು ಅಂಟಿಸುತ್ತೇವೆ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆವು. ಆ ನಕ್ಷೆ ಇಲ್ಲ. ಇಲ್ಲದಿರಲು ಕಾರಣ ನಾನು. ವಿಜ್ಞಾನದ ಸರ್ ಹತ್ತಿರ ಹೋಗಿ, "ಸರ್, ಪತ್ರಿಕೆಯಲ್ಲಿ ಕ್ಷಮೆ ಕೇಳಿ ಬರೀತೀನಿ" ಅಂದೆ. ಅವರು, "ಬರೀ ಕ್ಷಮೆ ಬೇಡ, ಪಾಠ ಬರಿ. ಓದಿದವರು ಅದೇ ತಪ್ಪು ಮಾಡಬಾರದು, ಹಾಗೆ ಬರಿ" ಅಂದರು. ಅದಕ್ಕೇ ಈ ಲೇಖನ.

ಮಳೆ ಅಳೆದ ಕಥೆ

ಶಾಲೆ ಶುರುವಾದ ಮೇಲೆ ಜೂನ್ 1ರಂದು ನಾವು ಅಂಗಳದಲ್ಲಿ ಮಳೆಮಾಪಕ ಇಟ್ಟೆವು. ನೇರವಾದ ಗೋಡೆ ಇರುವ ಪಾತ್ರೆಯಲ್ಲಿ ನಿಂತ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆಯುವುದು, ಅಷ್ಟೇ. 1 ಮಿ.ಮೀ. ಮಳೆ ಎಂದರೆ 1 ಚದರ ಮೀಟರ್ ನೆಲದ ಮೇಲೆ 1 ಲೀಟರ್ ನೀರು. ಭಾರತ ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಅಳೆಯುತ್ತಾರೆ. ಆದ್ದರಿಂದ ನಾವೂ ಅದೇ ಹೊತ್ತಿಗೆ ಅಳೆದೆವು. ನಾಲ್ಕು ಜನ ಸರದಿ ಹಾಕಿಕೊಂಡೆವು. ಭಾನುವಾರದ ಸರದಿ ಮಾತ್ರ ಶಾಲೆಯ ಹಿಂದಿನ ಮನೆಯ ಏಳನೇ ತರಗತಿ ಹುಡುಗನದ್ದು. ಅವನು ಕಂಬಳಿಕೊಪ್ಪೆ ಹಾಕಿಕೊಂಡು ಬಂದು ಅಳೆದು, ಚೀಟಿಯಲ್ಲಿ ಬರೆದು, ಸೋಮವಾರ ನನ್ನ ಕೈಗೆ ಕೊಡುತ್ತಿದ್ದ.

ನನ್ನ ಕೆಲಸ ಚೀಟಿಯಲ್ಲಿದ್ದ ಸಂಖ್ಯೆಯನ್ನು ಕಂಪ್ಯೂಟರಿನ ಫೈಲಿಗೆ ಸೇರಿಸುವುದು. ಸೇರಿಸಿದ ಮೇಲೆ ಚೀಟಿಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದೆ. "ಕಂಪ್ಯೂಟರಿಗೆ ಹೋದ ಮೇಲೆ ಚೀಟಿ ಯಾಕೆ?" ಎಂಬುದು ನನ್ನ ತಿಳುವಳಿಕೆ. ಇದು ನನ್ನ ಮೊದಲನೇ ತಪ್ಪು. ಎರಡನೇ ತಪ್ಪು ಅರ್ಥವಾಗಬೇಕಾದರೆ ಪಾಠ ಓದಬೇಕು.

1. ಫೈಲು ಯಾಕೆ ಬೇಕು?

ನಾವು ಪೈಥಾನ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತೇವೆ. ಹೆಸರು ಕೇಳಿ ಹೆಬ್ಬಾವು ಅಂದುಕೊಳ್ಳಬೇಡಿ. ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರೋಸಮ್ ಎಂಬುವರು ಇದನ್ನು ಮಾಡಿ 1991ರಲ್ಲಿ ಮೊದಲು ಹೊರತಂದರು. ಹೆಸರನ್ನು ಇಂಗ್ಲೆಂಡಿನ ಟಿ.ವಿ.ಯ ಒಂದು ಹಾಸ್ಯ ಕಾರ್ಯಕ್ರಮದಿಂದ ತೆಗೆದುಕೊಂಡರು.

ಪೈಥಾನಿನಲ್ಲಿ ಮಳೆ = 31 ಎಂದು ಬರೆದರೆ ಕಂಪ್ಯೂಟರ್ ಆ 31ನ್ನು ನೆನಪಿಟ್ಟುಕೊಳ್ಳುತ್ತದೆ. ಆದರೆ ಎಷ್ಟು ಹೊತ್ತು? ಪ್ರೋಗ್ರಾಂ ಮುಗಿಯುವ ತನಕ ಮಾತ್ರ. ಬಾಯಿಲೆಕ್ಕ ಮಾಡುವಾಗ ನಾವು "ಕೈಯಲ್ಲಿ ಎರಡು" ಅಂತ ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ನಾಳೆಗೂ ಉಳಿಯಬೇಕಾದರೆ ಬರೆದಿಡಬೇಕು. ಬರೆದಿಡುವ ಜಾಗವೇ ಫೈಲು.

2. ತೆರೆ, ಬರೆ, ಮುಚ್ಚು

ಫೈಲಿಗೆ ಬರೆಯಲು ಮೂರು ಹೆಜ್ಜೆ. ನಮ್ಮ ಪತ್ರಿಕೆಯ ನಿಯಮದಂತೆ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಮಾತ್ರ ಓಪನ್, ರೈಟ್, ಕ್ಲೋಸ್ ಮುಂತಾದ ಪದಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕು. ಅದರ ಪ್ರತಿಯನ್ನು ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸಿದ್ದೇನೆ, ನೋಡಿಕೊಳ್ಳಿ.

ಕಡತ = ಓಪನ್("ಮಳೆ.ಟಿಎಕ್ಸ್‌ಟಿ", "ಎ", ಎನ್‌ಕೋಡಿಂಗ್="ಯುಟಿಎಫ್-8")
ಕಡತ.ರೈಟ್("ಜೂನ್ 20, 31\ಎನ್")
ಕಡತ.ಕ್ಲೋಸ್()

ಮೊದಲ ಸಾಲು ಫೈಲನ್ನು ತೆರೆಯುತ್ತದೆ. ಎರಡನೇ ಸಾಲು ಬರೆಯುತ್ತದೆ. ಮೂರನೇ ಸಾಲು ಮುಚ್ಚುತ್ತದೆ. "ಕಡತ" ಎನ್ನುವುದು ನಾವು ಇಟ್ಟ ಹೆಸರು. ಇಂಥ ಹೆಸರುಗಳನ್ನು ಈಗಿನ ಪೈಥಾನಿನಲ್ಲಿ ನಿಜವಾಗಿಯೂ ಕನ್ನಡ ಅಕ್ಷರದಲ್ಲಿ ಇಡಬಹುದು. ನಾನು ಮಾಡಿ ನೋಡಿದ್ದೇನೆ, ನಡೆಯುತ್ತದೆ.

ಎರಡನೇ ಸಾಲಿನ ಕೊನೆಯಲ್ಲಿರುವ ಓರೆಗೆರೆ ಮತ್ತು ಎನ್ ಅಕ್ಷರ ನೋಡಿ. ಅದರ ಅರ್ಥ "ಇಲ್ಲಿಗೆ ಸಾಲು ಮುಗಿಯಿತು, ಕೆಳಗೆ ಹೋಗು". ರೈಟ್ ತಾನಾಗಿ ಮುಂದಿನ ಸಾಲಿಗೆ ಹೋಗುವುದಿಲ್ಲ. ಅದನ್ನು ಮರೆತರೆ ಎಲ್ಲ ದಿನದ ಮಳೆಯೂ ಒಂದೇ ಸಾಲಿನಲ್ಲಿ ಅಂಟಿಕೊಳ್ಳುತ್ತದೆ.

ಇನ್ನೊಂದು ಮಾತು. ಹೀಗೆ ತೆರೆದ ಫೈಲಿನಲ್ಲಿ ರೈಟ್ ಒಳಗೆ ಪಠ್ಯ ಮಾತ್ರ ಹಾಕಬಹುದು. ಉದ್ಧರಣ ಚಿಹ್ನೆ ಇಲ್ಲದೆ ಬರೀ 31 ಎಂಬ ಸಂಖ್ಯೆ ಕೊಟ್ಟರೆ ಪೈಥಾನ್ ತಪ್ಪು ತೋರಿಸಿ ನಿಲ್ಲುತ್ತದೆ. ಸಂಖ್ಯೆಯನ್ನು ಎಸ್‌ಟಿಆರ್(31) ಎಂದು ಬರೆದು ಪಠ್ಯವಾಗಿ ಮಾಡಿ ಕೊಡಬೇಕು.

3. ಒಂದೇ ಒಂದು ಅಕ್ಷರ

ಈಗ ಮೊದಲ ಸಾಲಿಗೆ ಮತ್ತೆ ಬನ್ನಿ. ಫೈಲಿನ ಹೆಸರಾದ ಮೇಲೆ ಒಂದು ಅಕ್ಷರ ಇದೆ. ಫೈಲನ್ನು ಯಾತಕ್ಕೆ ತೆರೆಯುತ್ತಿದ್ದೇವೆ ಎಂದು ಹೇಳುವುದು ಅದೇ.

"ಆರ್" – ಓದಲು ಮಾತ್ರ. ಬರೆಯಲು ಆಗುವುದಿಲ್ಲ. ಯಾವ ಅಕ್ಷರವನ್ನೂ ಕೊಡದಿದ್ದರೆ ಪೈಥಾನ್ ಇದನ್ನೇ ತೆಗೆದುಕೊಳ್ಳುತ್ತದೆ.
"ಎ" – ಇರುವುದನ್ನು ಹಾಗೇ ಬಿಟ್ಟು ಕೊನೆಗೆ ಸೇರಿಸು. ಫೈಲು ಇಲ್ಲದಿದ್ದರೆ ಹೊಸದು ಮಾಡು.
"ಡಬ್ಲ್ಯು" – ಇರುವುದನ್ನೆಲ್ಲ ತೆಗೆದುಹಾಕಿ ಹೊಸದಾಗಿ ಬರಿ. ಫೈಲು ಇಲ್ಲದಿದ್ದರೆ ಹೊಸದು ಮಾಡು.
"ಎಕ್ಸ್" – ಆ ಹೆಸರಿನ ಫೈಲು ಇಲ್ಲದಿದ್ದರೆ ಮಾತ್ರ ಹೊಸದು ಮಾಡಿ ಬರಿ. ಇದ್ದರೆ ಮುಟ್ಟಬೇಡ, ತಪ್ಪು ತೋರಿಸಿ ನಿಲ್ಲು.

ಆರ್, ಡಬ್ಲ್ಯು, ಎ ಎಂಬ ಮೂರು ಅಕ್ಷರಗಳು ಪೈಥಾನಿಗಿಂತ ಹಳೆಯವು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಎಂಬುವರು 1970ರ ದಶಕದಲ್ಲಿ ರೂಪಿಸಿದ ಸಿ ಭಾಷೆಯಿಂದ ಬಂದವು. "ಎಕ್ಸ್" ಪೈಥಾನಿಗೆ ಸೇರಿದ್ದು 2012ರಲ್ಲಿ.

ಇದನ್ನು ನಮ್ಮ ಕರಿಹಲಗೆಗೆ ಹೋಲಿಸಿ. "ಡಬ್ಲ್ಯು" ಎಂದರೆ ಡಸ್ಟರ್ ಹಿಡಿದು ಕಾಯುವ ಮಾನಿಟರ್. ಮೇಷ್ಟ್ರು ಒಳಗೆ ಬಂದ ಕೂಡಲೇ ಬೋರ್ಡ್ ಒರೆಸಿಬಿಡುತ್ತಾನೆ. ಅವರು ಏನಾದರೂ ಬರೆಯುತ್ತಾರೋ ಇಲ್ಲವೋ ಎಂದು ಕೇಳುವುದಿಲ್ಲ. ಹಿಂದಿನ ಪಿರಿಯಡ್ಡಿನ ಲೆಕ್ಕ ಯಾರಾದರೂ ಬರೆದುಕೊಳ್ಳುವುದು ಬಾಕಿ ಇದೆಯೋ ಎಂದೂ ನೋಡುವುದಿಲ್ಲ. "ಎ" ಎಂದರೆ ಉಳಿದ ಜಾಗದಲ್ಲಿ ಕೆಳಗೆ ಬರೆಯುವುದು. "ಎಕ್ಸ್" ಎಂದರೆ ಹಲಗೆಯಲ್ಲಿ ಏನಾದರೂ ಬರೆದಿದ್ದರೆ ಡಸ್ಟರನ್ನೂ ಮುಟ್ಟದೆ, ಸೀಮೆಸುಣ್ಣವನ್ನೂ ಮುಟ್ಟದೆ, ಬಂದು ಹೇಳುವ ಮಾನಿಟರ್.

ಬಹಳ ಮುಖ್ಯವಾದ ಸಂಗತಿ ಇದು: "ಡಬ್ಲ್ಯು" ಹಾಕಿದಾಗ ಹಳೆಯದು ಹೋಗುವುದು ರೈಟ್ ಎಂಬ ಸಾಲಿನಲ್ಲಿ ಅಲ್ಲ. ಓಪನ್ ಎಂಬ ಸಾಲಿನಲ್ಲೇ ಹೋಗುತ್ತದೆ. ತೆರೆದು, ಏನೂ ಬರೆಯದೆ ಮುಚ್ಚಿದರೂ ಫೈಲು ಖಾಲಿ.

4. ನಾನು ಮಾಡಿದ್ದು

ಸರ್ ಬರೆದುಕೊಟ್ಟ ಪ್ರೋಗ್ರಾಂನಲ್ಲಿ "ಎ" ಇತ್ತು. 19 ದಿನ ನಾನು ಅದರಲ್ಲಿ ತಾರೀಖು ಮತ್ತು ಸಂಖ್ಯೆ ಮಾತ್ರ ಬದಲಾಯಿಸಿ ಓಡಿಸುತ್ತಿದ್ದೆ. ಜೂನ್ 20ರಂದು ಎಂಟನೇ ತರಗತಿಯ ಕೆಲವರು ನೋಡಲು ಬಂದಿದ್ದರು. "ನೋಡಿಕೊಂಡು ಯಾಕೆ ಬರೀಬೇಕು, ನಂಗೆ ಬಾಯಿಪಾಠ ಬರುತ್ತೆ" ಅಂತ ಅವರ ಮುಂದೆ ಹೊಸದಾಗಿ ಮೂರು ಸಾಲು ಒತ್ತಿದೆ. ಹಿಂದೆ ಅಭ್ಯಾಸ ಮಾಡುವಾಗ "ಡಬ್ಲ್ಯು" ಹಾಕಿದ ರೂಢಿ ಕೈಯಲ್ಲಿತ್ತು. ಅದೇ ಬಿತ್ತು.

ಕಂಪ್ಯೂಟರ್ ಏನೂ ಹೇಳಲಿಲ್ಲ. ತಪ್ಪು ತೋರಿಸಲಿಲ್ಲ, "ಅಳಿಸಲೇ?" ಎಂದು ಕೇಳಲಿಲ್ಲ. ಅದರ ಪ್ರಕಾರ ನಾನು ಹೇಳಿದ್ದನ್ನೇ ಸರಿಯಾಗಿ ಮಾಡಿತ್ತು. ಫೈಲು ತೆರೆದು ನೋಡಿದರೆ ಒಂದೇ ಸಾಲು: ಜೂನ್ 20, 31. ಅದರ ಮೇಲೆ ಏನೂ ಇಲ್ಲ.

ಹಿಂದಕ್ಕೆ ತರಲು ಕಂಟ್ರೋಲ್ ಮತ್ತು ಝಡ್ ಒತ್ತಿದೆ. ನಾನು ಟೈಪ್ ಮಾಡಿದ ಪ್ರೋಗ್ರಾಂ ಹಿಂದಕ್ಕೆ ಹೋಯ್ತೇ ಹೊರತು ಮಳೆಯ ಫೈಲು ಬರಲಿಲ್ಲ. ಕಂಪ್ಯೂಟರಿನ ಕಸದ ಬುಟ್ಟಿ ಹುಡುಕಿದೆ. ಅಲ್ಲೂ ಇಲ್ಲ. ಫೈಲನ್ನು ಯಾರೂ ಬುಟ್ಟಿಗೆ ಹಾಕಿರಲಿಲ್ಲವಲ್ಲ. ಫೈಲು ಇದ್ದ ಕಡೆಯೇ ಇತ್ತು, ಒಳಗಿನದ್ದು ಹೋಗಿತ್ತು. ಆಮೇಲೆ ನಿಜವಾದ ಕಸದ ಬುಟ್ಟಿಯ ನೆನಪಾಯಿತು. ಚೀಟಿಗಳನ್ನೆಲ್ಲ ಅದರ ಜೊತೆ ಸುಟ್ಟಾಗಿತ್ತು.

ಸೋಮವಾರ ಏಳನೇ ತರಗತಿಯ ಹುಡುಗ ಬಂದು ಕೇಳಿದ: "ಅಕ್ಕಾ, ನಾ ತಂದುಕೊಟ್ಟ ಭಾನುವಾರದ ಮಳೆ ಎಲ್ಲಿ ಹೋಯ್ತು?" ಅವನಿಗೆ ಉತ್ತರ ಕೊಡಲು ನನಗಾಗಲಿಲ್ಲ.

5. ಮುಚ್ಚುವುದು ಯಾಕೆ?

ರೈಟ್ ಎಂದ ಕೂಡಲೇ ಅಕ್ಷರಗಳು ಫೈಲಿಗೆ ಹೋಗಿಬಿಡುತ್ತವೆ ಎಂದು ತಿಳಿಯಬೇಡಿ. ಬಾವಿಯಿಂದ ನೀರು ತರುವುದನ್ನು ನೆನೆಸಿಕೊಳ್ಳಿ. ಒಂದೊಂದು ಚೊಂಬು ನೀರಿಗೂ ಬಚ್ಚಲ ಹಂಡೆಯ ತನಕ ನಡೆಯುತ್ತೇವೆಯೇ? ಇಲ್ಲ. ಕೊಡ ತುಂಬಿದ ಮೇಲೆ ಒಮ್ಮೆ ಹೋಗಿ ಸುರಿಯುತ್ತೇವೆ. ಪೈಥಾನ್ ಕೂಡ ಬರೆದದ್ದನ್ನು ಮೊದಲು ಒಂದು ಕೊಡದಲ್ಲಿ ತುಂಬಿಸಿಕೊಳ್ಳುತ್ತದೆ. ಇದಕ್ಕೆ ಬಫರ್ ಎಂದು ಹೆಸರು. ಅದು ತುಂಬಿದಾಗ, ಇಲ್ಲವೇ ಕ್ಲೋಸ್ ಎಂದಾಗ, ಸುರಿಯುತ್ತದೆ. ನಮ್ಮ ಒಂದು ದಿನದ ಮಳೆಯ ಸಾಲಿನಿಂದ ಆ ಕೊಡ ತುಂಬುವುದಿಲ್ಲ. ಆದ್ದರಿಂದ ಮುಚ್ಚುವ ಮೊದಲು ಕರೆಂಟ್ ಹೋದರೆ ಕೊಡದಲ್ಲಿದ್ದದ್ದು ನೆಲದ ಪಾಲು. ಮಳೆಗಾಲದಲ್ಲಿ ನಮ್ಮೂರಿನ ಕರೆಂಟಿನ ವಿಷಯ ನಿಮಗೆ ಹೇಳಬೇಕಾಗಿಲ್ಲ.

ಕ್ಲೋಸ್ ಬರೆಯಲು ಮರೆಯುವವರಿಗೆ ಪೈಥಾನಿನಲ್ಲಿ ಒಂದು ಒಳ್ಳೆಯ ದಾರಿ ಇದೆ. ಅದು "ವಿತ್" ಎಂಬ ಪದ:

ವಿತ್ ಓಪನ್("ಮಳೆ.ಟಿಎಕ್ಸ್‌ಟಿ", "ಎ", ಎನ್‌ಕೋಡಿಂಗ್="ಯುಟಿಎಫ್-8") ಆಸ್ ಕಡತ:
    ಕಡತ.ರೈಟ್("ಜೂನ್ 21, 18\ಎನ್")

ಎರಡನೇ ಸಾಲನ್ನು ನಾಲ್ಕು ಅಕ್ಷರದಷ್ಟು ಒಳಕ್ಕೆ ಸರಿಸಿ ಬರೆಯಬೇಕು. ಒಳಕ್ಕೆ ಸರಿದ ಸಾಲುಗಳು ಮುಗಿದ ಕೂಡಲೇ ಪೈಥಾನ್ ತಾನೇ ಫೈಲು ಮುಚ್ಚುತ್ತದೆ. ನಡುವೆ ಪ್ರೋಗ್ರಾಂನಲ್ಲಿ ತಪ್ಪು ಬಂದು ನಿಂತರೂ ಮುಚ್ಚಿಯೇ ಹೊರಗೆ ಬರುತ್ತದೆ. ಈಗ ನಾವು ಇದನ್ನೇ ಉಪಯೋಗಿಸುತ್ತೇವೆ. ಆದರೆ ನೆನಪಿರಲಿ: "ವಿತ್" ಹಾಕಿದರೂ "ಡಬ್ಲ್ಯು" ಅಳಿಸಿಯೇ ಅಳಿಸುತ್ತದೆ. ಬಾಗಿಲು ಚೆನ್ನಾಗಿ ಮುಚ್ಚಿದ್ದರಿಂದ ಒಳಗಿನದ್ದು ವಾಪಸ್ ಬರುವುದಿಲ್ಲ.

6. ಕನ್ನಡದಲ್ಲಿ ಬರೆಯುವಾಗ

ಕನ್ನಡ ಮೇಷ್ಟ್ರು ಕೇಳಿದರು: "ಯುಟಿಎಫ್-8 ಅಂತ ಯಾಕೆ ಹಾಕ್ತೀಯಮ್ಮ?" ಅವರಿಗಾಗಿ ಈ ಭಾಗ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಅದಕ್ಕಾಗಿ ಪ್ರಪಂಚದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಈ ಪಟ್ಟಿಯ ಹೆಸರು ಯೂನಿಕೋಡ್. ಇದರಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327ರವರೆಗೆ, ಒಟ್ಟು 128 ಸ್ಥಾನ. ಆ ಸಂಖ್ಯೆಗಳನ್ನು ಫೈಲಿನಲ್ಲಿ ಹೇಗೆ ಬರೆದಿಡಬೇಕು ಎಂಬ ಒಂದು ಪದ್ಧತಿಯೇ ಯುಟಿಎಫ್-8. ಇದನ್ನು 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು.

"ಮಳೆ" ಎಂಬ ಪದ ನೋಡಿ. ನಮಗೆ ಎರಡು ಅಕ್ಷರ. ಯೂನಿಕೋಡಿಗೆ ಮೂರು: ಮ ಒಂದು, ಳ ಒಂದು, ಎತ್ವದ ಚಿಹ್ನೆ ಒಂದು. ಪೈಥಾನಿನ ಕಿಟಕಿಯಲ್ಲಿ ನೇರವಾಗಿ ಕಡತ.ರೈಟ್("ಮಳೆ") ಎಂದು ಒತ್ತಿದರೆ, ಎಷ್ಟು ಬರೆದೆ ಎಂದು ಲೆಕ್ಕ ಒಪ್ಪಿಸುತ್ತಾ 3 ಎಂದು ತೋರಿಸುತ್ತದೆ. ಇನ್ನು ಫೈಲಿನಲ್ಲಿ ಒಂದೊಂದಕ್ಕೂ 3 ಬೈಟ್ ಜಾಗ ಬೇಕು. ಹಾಗಾಗಿ "ಮಳೆ" ಹಿಡಿಯುವುದು 9 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು.

ಯುಟಿಎಫ್-8 ಎಂದು ಹೇಳದಿದ್ದರೆ ಕೆಲವು ವಿಂಡೋಸ್ ಕಂಪ್ಯೂಟರುಗಳಲ್ಲಿ ಪೈಥಾನ್ ಹಳೆಯ ಪದ್ಧತಿಯೊಂದನ್ನು ತೆಗೆದುಕೊಳ್ಳುತ್ತದೆ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಆಗ ತಪ್ಪು ತೋರಿಸಿ ನಿಲ್ಲುತ್ತದೆ. ಓದುವಾಗಲೂ ಬರೆಯುವಾಗಲೂ ಒಂದೇ ಪದ್ಧತಿ ಇರಬೇಕು. ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಬಹುದು.

7. ಸೊನ್ನೆ ಬೇರೆ, ಗೆರೆ ಬೇರೆ

ಅಳಿಸಿಹೋದದ್ದು 19 ದಿನದ ಲೆಕ್ಕ. ನನ್ನ ತರಗತಿಯ ಗೆಳತಿಯೊಬ್ಬಳು ತನ್ನ ಸರದಿ ಇಲ್ಲದಿದ್ದರೂ ಮಳೆಮಾಪಕ ನೋಡಿ, ವಿಜ್ಞಾನದ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಅದರಿಂದ 11 ದಿನ ಸಿಕ್ಕಿತು. 8 ದಿನ ಸಿಗಲಿಲ್ಲ. ಭಾನುವಾರಗಳು ಆ ಎಂಟರಲ್ಲಿ ಸೇರಿವೆ. ಅವಳ ಮನೆ ದೂರ, ಭಾನುವಾರ ಬರುವುದಿಲ್ಲ.

ನಿಜ ಹೇಳುತ್ತೇನೆ, ಆ 8 ದಿನಕ್ಕೆ ಅಂದಾಜಿನ ಸಂಖ್ಯೆ ತುಂಬಿಸಿಬಿಡೋಣ ಅಂತ ಮನಸ್ಸಾಗಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಕ್ಷೆಯೂ ಚೆಂದ ಬರುತ್ತಿತ್ತು. ಸರ್ ಒಪ್ಪಲಿಲ್ಲ. ಹಾಗಾದರೆ ಸೊನ್ನೆ ಬರೆಯಲೇ ಎಂದು ಕೇಳಿದೆ. ಅದಕ್ಕೂ ಒಪ್ಪಲಿಲ್ಲ. "ಸೊನ್ನೆ ಅಂದ್ರೆ ಮಳೆ ಬರಲಿಲ್ಲ ಅಂತ. ಗೆರೆ ಅಂದ್ರೆ ಗೊತ್ತಿಲ್ಲ ಅಂತ. ಎರಡೂ ಒಂದೇನಾ?" ಅಂದರು.

ಇದು ಬರೀ ನೀತಿಯ ಮಾತಲ್ಲ, ಲೆಕ್ಕದ ಮಾತೂ ಹೌದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆ ದಿನ. ನಾನು ಸೊನ್ನೆ ತುಂಬಿಸಿದ್ದರೆ ಒಟ್ಟು ಮಳೆಯೂ ಸುಳ್ಳಾಗುತ್ತಿತ್ತು, ಮಳೆ ದಿನಗಳ ಸಂಖ್ಯೆಯೂ ಸುಳ್ಳಾಗುತ್ತಿತ್ತು. ಪ್ರೋಗ್ರಾಂ ಸೊನ್ನೆಯನ್ನು ಸುಮ್ಮನೆ ಕೂಡಿಸಿಕೊಂಡು ಮುಂದೆ ಹೋಗುತ್ತದೆ. ಗೆರೆ ಕಂಡರೆ, ಇದು ಸಂಖ್ಯೆಯಲ್ಲ ಎಂದು ತಪ್ಪು ತೋರಿಸಿ ನಿಲ್ಲುತ್ತದೆ. ಆ ನಿಲ್ಲುವುದೇ ಒಳ್ಳೆಯದು. ಆಗ ನಾವು ನೋಡಿ, "8 ದಿನದ ಲೆಕ್ಕ ಇಲ್ಲ" ಎಂದು ಬರೆಯಬಹುದು. ಆದ್ದರಿಂದ ಈ ಜೂನ್ ತಿಂಗಳ ಒಟ್ಟು ಮಳೆ ಎಷ್ಟು ಎಂದು ನಮ್ಮ ಶಾಲೆ ಹೇಳಲಾರದು.

ನೆನಪಿಡಿ

1. ದಿನಾ ಸೇರಿಸುವ ಫೈಲಿಗೆ "ಎ". ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇದಕ್ಕೇ ಹೇಳಿದಂತಿದೆ.
2. ಹೊಸ ಫೈಲು ಮಾಡುವಾಗ "ಎಕ್ಸ್" ಹಾಕಿ. ಅದೇ ಹೆಸರಿನ ಹಳೆಯದು ಇದ್ದರೆ ಅದು ಉಳಿಯುತ್ತದೆ.
3. "ಡಬ್ಲ್ಯು" ಒತ್ತುವ ಮೊದಲು, "ಇದರಲ್ಲಿ ಇರುವುದು ಹೋದರೆ ಪರವಾಗಿಲ್ಲವೇ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಕಂಪ್ಯೂಟರ್ ಕೇಳುವುದಿಲ್ಲ.
4. ಹಳೆಯ ಸಾಲು ತಿದ್ದಬೇಕಾದರೆ ಮೊದಲು ಫೈಲನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ತಿದ್ದಿ.
5. ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ತೆಗೆಯಿರಿ. ಚೀಟಿಗಳನ್ನು ದಾರದಲ್ಲಿ ಪೋಣಿಸಿ ಇಡಿ. ಬಿಸಾಡಬೇಡಿ.
6. ಬರೆದ ಮೇಲೆ ಫೈಲು ತೆರೆದು ಓದಿ ನೋಡಿ. ಕೊನೆಯ ಸಾಲು ಮಾತ್ರ ಅಲ್ಲ, ಮೊದಲ ಸಾಲು ಇದೆಯೇ ಎಂದೂ ನೋಡಿ.

ಮಾಡಿ ನೋಡಿ

ಮಳೆಯ ಫೈಲನ್ನು ಮುಟ್ಟದೆ, "ಪರೀಕ್ಷೆ.ಟಿಎಕ್ಸ್‌ಟಿ" ಎಂಬ ಹೊಸ ಫೈಲಿನಲ್ಲಿ ಇವನ್ನು ಮಾಡಿ.
ಅ) "ಎ" ಹಾಕಿ ನಿಮ್ಮ ಹೆಸರನ್ನು ಮೂರು ಸಲ ಬರೆಯಿರಿ. ಎಷ್ಟು ಸಾಲು ಬಂತು? ಒಂದೇ ಸಾಲು ಬಂದರೆ ಏನು ಮರೆತಿರಿ?
ಆ) "ಡಬ್ಲ್ಯು" ಹಾಕಿ ತೆರೆದು, ಏನನ್ನೂ ಬರೆಯದೆ ಮುಚ್ಚಿ. ಈಗ ಫೈಲಿನಲ್ಲಿ ಏನಿದೆ?
ಇ) "ಎಕ್ಸ್" ಹಾಕಿ ಅದೇ ಫೈಲನ್ನು ತೆರೆಯಿರಿ. ಏನಾಯಿತು?
ಈ) ನಿಮ್ಮ ಹೆಸರು ಎಷ್ಟು ಬೈಟ್? ಮೊದಲು ಕೈಲೆಕ್ಕ ಮಾಡಿ, ಆಮೇಲೆ ಫೈಲಿನ ಗಾತ್ರ ನೋಡಿ.

ಉತ್ತರಗಳನ್ನು ಕನ್ನಡ ಮೇಷ್ಟ್ರ ಮೇಜಿನ ಮೇಲಿರುವ ಡಬ್ಬಿಗೆ ಹಾಕಿರಿ.

ಕೊನೆಯ ಮಾತು. ಏಳನೇ ತರಗತಿಯ ಹುಡುಗ ಈಗಲೂ ಭಾನುವಾರ ಬರುತ್ತಾನೆ. ಈಗ ಚೀಟಿ ಕೊಟ್ಟು ಹೋಗುವುದಿಲ್ಲ. ಸೋಮವಾರ ನನ್ನ ಪಕ್ಕ ಕುಳಿತು ತನ್ನ ಸಾಲನ್ನು ತಾನೇ ಒತ್ತುತ್ತಾನೆ. ಒತ್ತಿ ಮುಗಿಸಿ, ಓಡಿಸುವ ಮೊದಲು ಪ್ರತಿ ಸಲ ಕೇಳುತ್ತಾನೆ: "ಅಕ್ಕಾ, ಎ ತಾನೇ?" ನಾನು ನೋಡಿ, "ಹೂಂ, ಎ" ಅನ್ನುತ್ತೇನೆ. ಜುಲೈ ತಿಂಗಳ ನಕ್ಷೆಯನ್ನು ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತೇವೆ. ಅದರಲ್ಲಿ ಗೆರೆ ಇರಬಾರದು ಎಂಬುದು ನಮ್ಮೆಲ್ಲರ ಆಸೆ.

ಬರಹದಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ಇಲ್ಲೇ ತಿದ್ದಬೇಕೆಂದು ಕೋರುತ್ತೇನೆ.

– 9ನೇ ತರಗತಿಯ ವಿದ್ಯಾರ್ಥಿನಿ